ಶಶಿರೇಖ ಮೇಡಂ ಕಣ್ಣು ಮುಚ್ಚಿದ ಗಳಿಗೆ

ಶಶಿರೇಖ ಮೇಡಂ ಪಾಠ ಮಾಡುತ್ತಿರುವಾಗ ಹೊರಗೆ ನಿಂತು ಕೇಳಿದವರು ಒಳಗೆ ಯಾವುದೋ ಜಗಳ ನಡೆಯುತ್ತಿದೆ ಎಂದೇ ತಿಳಿಯುತ್ತಾರೆ. "ಕೂಗು! ಇನ್ನೂ ಗಟ್ಟಿಯಾಗಿ ಕೂಗು! ನಿಮ್ಮಪ್ಪ ಬಾವಿಗೆ ಬೀಳ್ತಾ ಇದ್ರೆ ಹಿಂಗೇ ಪಿಸಪಿಸ ಅಂತೀಯೇನೇ?" ವಿಮಾನ ಹಾರಿಸಲು ಕಲಿಯಬೇಕೆಂದು ಬಂದ ಮಕ್ಕಳಿಗೆ ಅವರು ಮೊದಲು ಕಲಿಸುವುದು ಕೂಗುವುದನ್ನು. ತಪ್ಪು ಕಂಡವರು ಕೂಗಬೇಕು. ಒಳಗೆ ಕೂತವರು ಎಷ್ಟೇ ದೊಡ್ಡವರಾಗಿರಲಿ, ಶೆಡ್ಡು ಗುಡಿಸುವವರು "ನಿಲ್ಲಿ" ಎಂದರೂ ಎಂಜಿನ್ ನಿಲ್ಲಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ನಮ್ಮ ಶಾಲೆ ಇರುವುದು ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವಿನ ಬಯಲಲ್ಲಿ. ಒಂದು ರನ್‌ವೇ, ಒಂದು ತಗಡಿನ ಶೆಡ್ಡು, ಇಬ್ಬರೇ ಕೂರುವಂಥ ಹಳೆಯ ಪುಟ್ಟ ವಿಮಾನಗಳು, ಸುತ್ತ ನೀಲಗಿರಿ ತೋಪು. ನಾನು ತ್ರಿವೇಣಿ, ಊರಿಗಾಂ ಗಣಿ ಕಾರ್ಮಿಕರ ಲೈನಿನವಳು, ಅಲ್ಲಿ ರೇಡಿಯೋ ನೋಡಿಕೊಳ್ಳುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಮೇಡಂ ಜೊತೆ ಇಷ್ಟು ವರ್ಷ ಕೆಲಸ ಮಾಡಿದವಳು ಮೆತ್ತಗೆ ಇರುವುದಾದರೂ ಹೇಗೆ?

ಮೇಡಂ ಬಂಗಾರಪೇಟೆ ಮಗ್ಗುಲಿನ ಹಳ್ಳಿಯವರು. ಅವರಪ್ಪ ಕೆಜಿಎಫ್ ಚಿನ್ನದ ಗಣಿಗಳಲ್ಲೊಂದಾದ ಮೈಸೂರು ಮೈನ್ಸ್‌ನಲ್ಲಿ ಗಣಿಗಿಳಿಯುವ ಶಾಫ್ಟಿನ ಬಾಯಿಗೆ ನಿಂತು ಗಂಟೆ ಹೊಡೆಯುವ ಕೆಲಸದಲ್ಲಿದ್ದರು. ಆಳುಗಳನ್ನು ತುಂಬಿಕೊಂಡ ಕೇಜನ್ನು ಪಾತಾಳಕ್ಕೆ ಇಳಿಸುವ ಎಂಜಿನ್ ಇರುವುದು ದೂರದ ಮನೆಯಲ್ಲಿ. ಅದನ್ನು ನಡೆಸುವವನಿಗೆ ಕೇಜೂ ಕಾಣದು, ಆಳೂ ಕಾಣದು. ಇವರು ಹೊಡೆದ ಗಂಟೆಯನ್ನು ಅವನು ತಿರುಗಿ ಹೊಡೆದ ಮೇಲೆಯೇ ಕೇಜು ಅಲ್ಲಾಡಬೇಕು. "ಅಪ್ಪ ಮನೇಲೂ ಹಂಗೇ ಕಣೇ. 'ಉಪ್ಪು ತಾ' ಅಂದ್ರೆ ನಾವು 'ಉಪ್ಪು ತರ್ತೀನಿ' ಅನ್ನಬೇಕಿತ್ತು, ಇಲ್ಲ ಅಂದ್ರೆ ತಟ್ಟೆಗೆ ಕೈಯೇ ಹಾಕ್ತಿರ್ಲಿಲ್ಲ" ಎಂದು ಮೇಡಂ ನಗುತ್ತಾರೆ. ವಿಮಾನದ ರೇಡಿಯೋದಲ್ಲೂ ಕೇಳಿಸಿಕೊಂಡದ್ದನ್ನು ತಿರುಗಿ ಹೇಳುವುದೇ ಕಟ್ಟಳೆ. ಬೆಂಗಳೂರಿನ ಹಾರಾಟ ಶಾಲೆಗೆ ಸೇರಿದಾಗ ತನಗೆ ಅದನ್ನು ಯಾರೂ ಕಲಿಸಬೇಕಾಗಲಿಲ್ಲ ಎನ್ನುತ್ತಾರೆ.

ಅವರು ದೊಡ್ಡ ವಿಮಾನಗಳಿಗೆ ಹೋಗಬಹುದಿತ್ತು. ಹೋಗಲಿಲ್ಲ. ಕಲಿಯುತ್ತಿದ್ದ ಕಾಲದಲ್ಲಿ ಅವರ ಜೊತೆಯ ಒಬ್ಬ ಹುಡುಗ ಬಾಲದ ಬೀಗ ತೆಗೆಯದೆ ವಿಮಾನ ಏರಿಸಿಬಿಟ್ಟ. ಗಾಳಿಗೆ ಬಾಲ ಬಡಿದುಕೊಳ್ಳದಿರಲೆಂದು ನಿಂತ ವಿಮಾನಕ್ಕೆ ಹಾಕುವ ಬೀಗ ಅದು. ಪಕ್ಕದಲ್ಲಿದ್ದ ಕೆಲಸದವನೊಬ್ಬ ಅದನ್ನು ನೋಡಿದ್ದ. ಓದಿದ ದೊಡ್ಡ ಮನೆ ಹುಡುಗನಿಗೆ ನಾನೇನು ಹೇಳುವುದು ಎಂದು ಸುಮ್ಮನಿದ್ದ. ಆ ಹುಡುಗ ರನ್‌ವೇ ದಾಟಲಿಲ್ಲ, ಅಲ್ಲೇ ಬಿದ್ದು ಸತ್ತ. ಅವತ್ತಿನಿಂದ ಮೇಡಂಗೆ ಇದೇ ಹುಚ್ಚು. ಯಾವ ಯಾವ ಊರಿನಲ್ಲೋ ಪೈಲಟ್‌ಗಳಿಗೆ, ಗಗನಸಖಿಯರಿಗೆ, ಬೆಂಕಿ ಆರಿಸುವವರಿಗೆ, ಸಾಮಾನು ತುಂಬುವವರಿಗೆ ಪಾಠ ಹೇಳಿ ಹೇಳಿ ತಲೆ ನೆರೆತ ಮೇಲೆ ನಮ್ಮ ಬಯಲಿಗೆ ಬಂದು ಇಲ್ಲಿಯ ಮುಖ್ಯ ಶಿಕ್ಷಕಿಯಾದರು. ಮದುವೆ ಯಾಕಾಗಲಿಲ್ಲ ಎಂದು ನಾನೊಮ್ಮೆ ಬಾಯಿಬಿಟ್ಟು ಕೇಳಿದ್ದಕ್ಕೆ, "ಕೂಗಾಡೋ ಹೆಂಗಸು ಯಾವನಿಗೆ ಬೇಕು ಬಿಡೇ" ಎಂದಿದ್ದರು.

ಇಂಥ ಮೇಡಂ ಎದುರಿಗೇ ಅದು ನಡೆದುಹೋಯಿತು.

ಸಹನ ಎಂಬ ಹುಡುಗಿ ಮೊದಲ ಸಲ ಒಂಟಿಯಾಗಿ ಹಾರುವ ದಿನ ಅದು. ಒಂಟಿ ಎಂದರೆ ಪಕ್ಕದ ಸೀಟಿನಲ್ಲಿ ಮೇಡಂ ಇಲ್ಲ, ಯಾರೂ ಇಲ್ಲ. ಮೇಲೇರಿ, ಎಡಕ್ಕೆ ತಿರುಗುತ್ತ ಬಯಲನ್ನು ಒಂದು ಸುತ್ತು ಹಾಕಿ, ಮತ್ತೆ ಅದೇ ರನ್‌ವೇಗೆ ಇಳಿಯಬೇಕು. ಅಷ್ಟೇ ಕೆಲಸ. ಅಷ್ಟಕ್ಕೇ ಮಕ್ಕಳಿಗೆ ಹಿಂದಿನ ದಿನದಿಂದಲೇ ಊಟ ಸೇರುವುದಿಲ್ಲ.

ಸಹನಳ ಅಪ್ಪ ನಾಗೇಶ್ ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವನು. ಅಜ್ಜಿ ಮುತ್ಯಾಲಮ್ಮ, ನಾಗೇಶನ ತಾಯಿ. ತಾಯಿಯಿಲ್ಲದ ಆ ಮಗುವನ್ನು ಸಾಕಿದವರು ಆ ಅಜ್ಜಿಯೇ. ಇಬ್ಬರೂ ಬೆಳಗ್ಗೆಯೇ ಬಂದಿದ್ದರು. ಅಜ್ಜಿಯ ಕೈಯಲ್ಲಿ ತಟ್ಟೆ, ಅದರಲ್ಲಿ ಗಟ್ಟಿಯಾಗಿ ಕಲಸಿದ ಅರಿಶಿನ, ಕುಂಕುಮ, ಹೂವು, ನಿಂಬೆಹಣ್ಣು.

ಒಂಟಿ ಹಾರಾಟಕ್ಕೆ ಮುಂಚೆ ವಿಮಾನಕ್ಕೆ ಪೂಜೆ ಮಾಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರ್ ಬಂದರೂ ಬೊಟ್ಟು, ಹಸು ಬಂದರೂ ಬೊಟ್ಟು. ವಿಮಾನವನ್ನು ಮಾತ್ರ ಬೋಳು ಹಣೆಯಲ್ಲಿ ಕಳುಹಿಸಲು ಯಾರಿಗೆ ಮನಸ್ಸು ಬರುತ್ತದೆ? ಮೇಡಂ ಒಪ್ಪಿದ್ದರು, ಆದರೆ ಕಟ್ಟುನಿಟ್ಟು ಮಾಡಿದ್ದರು. ಬೊಟ್ಟು ಮೂತಿಗೆ ಮತ್ತು ಚಕ್ರಕ್ಕೆ ಮಾತ್ರ. ಪೆಟ್ರೋಲ್ ತುಂಬಿದ ವಿಮಾನದ ಹತ್ತಿರ ಕರ್ಪೂರ ಹಚ್ಚುವಂತಿಲ್ಲ, ಆರತಿ ಏನಿದ್ದರೂ ಶೆಡ್ಡಿನ ಪಕ್ಕದ ದೇವರ ಕಲ್ಲಿನ ಮುಂದೆ. ಪೂಜೆ ಮುಗಿದ ಮೇಲೆ ವಿದ್ಯಾರ್ಥಿ ವಿಮಾನವನ್ನು ಇನ್ನೊಂದು ಸಲ ಸುತ್ತಿ ನೋಡಿಯೇ ಹತ್ತಬೇಕು.

ಸಹನ ಪೂಜೆಗೆ ಮುಂಚೆಯೇ ವಿಮಾನವನ್ನು ಮೂಗಿನಿಂದ ಬಾಲದವರೆಗೆ ಮುಟ್ಟಿ ಮುಟ್ಟಿ ನೋಡಿದ್ದಳು. ಅಜ್ಜಿ ಮೂತಿಗೂ ಚಕ್ರಕ್ಕೂ ಬೊಟ್ಟಿಟ್ಟರು. ಆಮೇಲೆ ಎಲ್ಲರೂ ಕಲ್ಲಿನ ಹತ್ತಿರ ಬಂದೆವು. ನಮ್ಮ ಮೆಕ್ಯಾನಿಕ್ ಆರುಮುಗಂ ಆರತಿ ಎತ್ತಿದ. ನಾನು ಕೈ ಮುಗಿದೆ. ಮೇಡಂ ಕೂಡ ವಿಮಾನಕ್ಕೆ ಬೆನ್ನು ಹಾಕಿ ನಿಂತು, ಕೈ ಮುಗಿದು, ಕಣ್ಣು ಮುಚ್ಚಿದರು.

ಕಣ್ಣು ತೆರೆಯುವಷ್ಟರಲ್ಲಿ ಅಜ್ಜಿ ತಟ್ಟೆ ಹಿಡಿದು ನಮ್ಮ ಹಿಂದೆಯೇ ನಿಂತಿದ್ದರು. ನೀಲಗಿರಿ ಎಲೆ ಅಲುಗಾಡತೊಡಗಿತ್ತು. ಗಾಳಿ ಎದ್ದರೆ ಅವತ್ತಿನ ಹಾರಾಟ ಅಲ್ಲಿಗೇ ಮುಗಿದಂತೆ. ಸಹನಳ ಮುಖ ನೋಡಿ ಮೇಡಂ ಮನಸ್ಸು ಕರಗಿತೋ ಏನೋ, "ನಡಿ ನಡಿ, ಗಾಳಿ ಏಳೋ ಮುಂಚೆ ಒಂದು ಸುತ್ತು ಹಾಕ್ಕೊಂಡು ಬಾ" ಎಂದರು. ಹುಡುಗಿ ಓಡಿಹೋಗಿ ಹತ್ತಿ ಕೂತಳು. ಇನ್ನೊಂದು ಸಲ ಸುತ್ತಿ ನೋಡುವುದು ತಪ್ಪಿಹೋಯಿತು.

ನಾವೆಲ್ಲ ರನ್‌ವೇ ಅಂಚಿಗೆ ಬಂದು ನಿಂತೆವು. ಮೇಡಂ ಕೈಯಲ್ಲಿ ಒಂದು ರೇಡಿಯೋ, ನನ್ನ ಕೈಯಲ್ಲಿ ಒಂದು. ವಿಮಾನ ನಮ್ಮೆದುರು ಹಾದುಹೋಯಿತು. ನನ್ನ ಪಕ್ಕದಲ್ಲಿದ್ದ ನಾಗೇಶ್ ಇದ್ದಕ್ಕಿದ್ದಂತೆ ಒಂದು ಹೆಜ್ಜೆ ಮುಂದಿಟ್ಟ. ಕೈ ಅರ್ಧ ಮೇಲಕ್ಕೆ ಹೋಯಿತು, ಬಾಯಿ ತೆರೆಯಿತು. ಮತ್ತೆ ಮುಚ್ಚಿಕೊಂಡ.

"ಏನಣ್ಣ?" ಎಂದೆ.

"ಏನಿಲ್ಲಕ್ಕ."

ಮಗಳು ಹೊರಟಳಲ್ಲ, ಅಪ್ಪನ ಜೀವ, ಹೆದರಿಕೆ ಇರುತ್ತದೆ ಎಂದುಕೊಂಡು ಸುಮ್ಮನಾದೆ. ವಿಮಾನ ಓಡಿತು, ನೆಲ ಬಿಟ್ಟಿತು. ಅಜ್ಜಿ ಎರಡೂ ಕೈಯೆತ್ತಿ, "ಓಯ್ತು! ನನ್ ಬಂಗಾರ ಓಯ್ತು!" ಎಂದು ಕುಣಿದಾಡಿದರು. ನಾನೂ ಚಪ್ಪಾಳೆ ತಟ್ಟಿದೆ.

ಚಪ್ಪಾಳೆ ನಿಲ್ಲುವ ಮೊದಲೇ ವಿಮಾನದ ಮೂಗು ಕೆಳಕ್ಕೆ ಬಾಗಿತು.

ಆಗ ತಾನೇ ಏರುತ್ತಿದ್ದ ವಿಮಾನ ಅದು. ನೀಲಗಿರಿ ತೋಪಿನ ನೆತ್ತಿಯಿಂದ ಹೆಚ್ಚೇನೂ ಮೇಲಿರಲಿಲ್ಲ. ರೇಡಿಯೋದಲ್ಲಿ ಸಹನಳ ಉಸಿರು ಮೊದಲು ಕೇಳಿಸಿತು, ಆಮೇಲೆ ಮಾತು. ಹಾರಾಟದ ಮಾತೆಲ್ಲ ಇಂಗ್ಲಿಷಿನಲ್ಲೇ ಇರಬೇಕೆಂದು ನಿಯಮ. ಅದೆಲ್ಲ ಹಾರಿಹೋಗಿ, "ಮೇಡಂ, ಸ್ಪೀಡು ಬೀಳ್ತೈತೆ! ಸ್ಪೀಡು ಬಿದ್ದೋಯ್ತು ಮೇಡಂ!" ಎಂದು ಕಿರುಚಿದಳು.

ವೇಗ ತೀರ ಕಡಿಮೆಯಾದರೆ ವಿಮಾನ ಗಾಳಿಯಲ್ಲಿ ನಿಲ್ಲುವುದಿಲ್ಲ, ಕಲ್ಲಿನ ಹಾಗೆ ಬೀಳುತ್ತದೆ. ಅದಕ್ಕೇ ವೇಗ ತೋರಿಸುವ ಮುಳ್ಳು ಕೆಳಗಿಳಿದರೆ ಮೂಗು ಇಳಿಸಿ ವೇಗ ಹೆಚ್ಚಿಸಿಕೊಳ್ಳಬೇಕೆಂದು ಮಕ್ಕಳಿಗೆ ಹೇಳಿಕೊಟ್ಟಿರುತ್ತಾರೆ. ಹುಡುಗಿ ಕಲಿತದ್ದನ್ನೇ ಮಾಡುತ್ತಿದ್ದಳು. ಆದರೆ ಕೆಳಗೆ ಜಾಗವೇ ಇರಲಿಲ್ಲ, ಮರಗಳಿದ್ದವು.

ಮೇಡಂ ರೇಡಿಯೋ ಬಾಯಿಗೆ ಹಿಡಿದರು. ಜೀವನವೆಲ್ಲ ಕೂಗಿಕೊಂಡೇ ಬಂದ ಹೆಂಗಸು, ಆಗ ಮಗುವಿಗೆ ಅನ್ನ ಉಣ್ಣಿಸುವವರ ಹಾಗೆ ಮಾತಾಡಿದರು.

"ಸಹನಾ, ನಾನು ಕಣೆ. ಎಂಜಿನ್ ಸದ್ದು ಹೆಂಗೈತೆ?"

"ಚೆನ್ನಾಗೈತೆ..."

"ರೆಕ್ಕೆ ಪೀಪಿ ಊದ್ತೈತಾ?"

ವೇಗ ನಿಜವಾಗಿಯೂ ಕಡಿಮೆಯಾದರೆ ರೆಕ್ಕೆಯಲ್ಲಿರುವ ಒಂದು ಪೀಪಿ ತಾನಾಗಿಯೇ ಕೀರಲು ದನಿಯಲ್ಲಿ ಊದುತ್ತದೆ. ಅದಕ್ಕೆ ಮುಳ್ಳಿನ ಹಂಗಿಲ್ಲ.

"ಇಲ್ಲ ಮೇಡಂ."

"ಹಂಗಾದ್ರೆ ಸ್ಪೀಡು ಐತೆ. ಮುಳ್ಳು ಸುಳ್ಳು ಯೇಳ್ತೈತೆ. ನೋಡ್ಬೇಡ ಅದನ್ನ. ಎದುರಿಗೆ ನೋಡು, ಮೂಗು ಎತ್ತು. ಏನಂದೆ ನಾನು?"

"ಮೂಗು ಎತ್ತು."

"ಎತ್ತು."

ವಿಮಾನ ತೋಪಿನ ಹಿಂದೆ ಮರೆಯಾಯಿತು. ಆರುಮುಗಂ, "ಅಯ್ಯೋ ಮುರುಗಾ" ಎನ್ನುತ್ತ ಬೆಂಕಿ ಆರಿಸುವ ಜೀಪಿನತ್ತ ಓಡಿದ. ಆಮೇಲೆ ಮರಗಳಾಚೆ ಎಂಜಿನ್ ಮೊರೆತ ಏರಿತು, ಬಿಳಿ ರೆಕ್ಕೆ ಮತ್ತೆ ಕಾಣಿಸಿತು.

"ಎತ್ತರದ ಮುಳ್ಳು ಏನು ಯೇಳ್ತೈತೆ?" ಮೇಡಂ ಕೇಳಿದರು.

"ಅಲ್ಲಾಡ್ತಾನೇ ಇಲ್ಲ ಮೇಡಂ. ನೆಲದ ಮೇಲಿದ್ದಂಗೇ ಐತೆ. ಸ್ಪೀಡು ಸೊನ್ನೆ."

ಮೇಡಂ ರೇಡಿಯೋ ಕೆಳಗಿಳಿಸಿ ನಮ್ಮ ಕಡೆ ತಿರುಗಿದರು. "ಯಾರು ಮುಟ್ಟಿದ್ದು? ಎಡಮಗ್ಗುಲಲ್ಲಿ, ಬಾಗಿಲ ಮುಂದೆ, ಬಿಲ್ಲೆ. ಯಾರು ಮುಟ್ಟಿದ್ರು?"

ವಿಮಾನದ ಆ ಜಾಗದಲ್ಲಿ ಕಾಸಿನಗಲದ ಒಂದು ಲೋಹದ ಬಿಲ್ಲೆಯಿದೆ, ನಡುವೆ ಸೂಜಿ ತೂರುವಷ್ಟು ತೂತು. ಹೊರಗಿನ ಗಾಳಿಯ ಒತ್ತಡ ಆ ತೂತಿನಿಂದ ಒಳಗೆ ಹೋದರೆ ಮಾತ್ರ ಎತ್ತರದ ಮುಳ್ಳೂ ವೇಗದ ಮುಳ್ಳೂ ನಿಜ ಹೇಳುತ್ತವೆ. ಅದು ಮುಚ್ಚಿಹೋದರೆ ನೆಲದ ಮೇಲೆ ಓಡುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ, ಮೇಲೆ ಹೋದಮೇಲೆ ಮೋಸ ತಿಳಿಯುತ್ತದೆ. ಹೊಸ ವಿಮಾನಗಳಲ್ಲಾದರೆ ಒಳಗಿನಿಂದ ಗಾಳಿ ಕೊಡುವ ಇನ್ನೊಂದು ದಾರಿ ಇರುತ್ತದೆ. ನಮ್ಮ ಈ ಹಳೇ ಮುದುಕಿಯಲ್ಲಿ ಅದೂ ಇಲ್ಲ.

ಅಜ್ಜಿ ಸ್ವಲ್ಪ ಮುಂದೆ, ಕೈಯನ್ನು ಹಣೆಗೆ ಅಡ್ಡ ಹಿಡಿದು ಆಕಾಶ ನೋಡುತ್ತ ನಿಂತಿದ್ದರು. ಅವರಿಗೆ ಕಿವಿ ಮಂದ. ನಾಗೇಶ್ ಅವರತ್ತ ನೋಡಿ, ದನಿ ತಗ್ಗಿಸಿ ಹೇಳಿದ.

"ಅವ್ವ, ಮೇಡಂ. ನೀವು ಕೈ ಮುಗೀತಿದ್ದಾಗ ಅವ್ವ ತಿರ್ಗ ಓಗಿ ಅಲ್ಲಿ ಬೊಟ್ಟು ಇಟ್ಟಂಗಿತ್ತು. ಎಬ್ಬೆಟ್ಟಲ್ಲಿ ಒತ್ತಿ."

"ನೀನು ನೋಡ್ದಾ?" ನಾನು ಕೇಳಿದೆ.

"ನೋಡ್ದೆ. ಅದನ್ನ ಮುಚ್ಚಬಾರ್ದು ಅಂತ ಸಹನ ಮನೇಲಿ ಓದ್ಕೊಳ್ವಾಗ ಯೇಳ್ತಿದ್ಲು. ವಿಮಾನ ಒಂಟಾಗ ಗ್ಯಾಪ್ಕ ಬಂತು."

"ಮತ್ತೆ ಯಾಕಯ್ಯ ಕೂಗ್ಲಿಲ್ಲ?"

"ಓಗೋರ್ನ ಇಂದ್ಗಡೆಯಿಂದ ಕರೀಬಾರ್ದಲ್ವಾ ಅಕ್ಕ" ಎಂದ. "ಮೊದುಲ್ನೇ ಸಲ ಒಂಟವ್ಳೆ. ಅಪಶಕುನ ಆಗ್ತೈತೆ ಅಂತ..."

ಮನೆಯಿಂದ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ಹೋದ ಕೆಲಸ ಕೆಡುತ್ತದೆ. ನಮ್ಮ ಮನೆಯಲ್ಲೂ ಇದೇ ಮಾತು. ಅಪ್ಪ ಗಣಿಗೆ ಹೊರಟಾಗ ಬುತ್ತಿ ಮರೆತಿದ್ದರೂ ಅಮ್ಮ ಕರೆಯುತ್ತಿರಲಿಲ್ಲ, ಹಿಂದೆಯೇ ಓಡಿಹೋಗಿ ಕೈಗೆ ಕೊಟ್ಟು ಬರುತ್ತಿದ್ದಳು. ಅದೆಲ್ಲ ಗೊತ್ತಿದ್ದೂ ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಅಪಶಕುನ ಅಂತೆ ಅಪಶಕುನ! ಮಗಳು ಮರಕ್ಕೆ ಬಡಿದು ಸತ್ತಿದ್ರೆ ಆಗ ಶುಭಶಕುನ ಆಗ್ತಿತ್ತೇನಯ್ಯ? ನಿನಗೇನು ಬುದ್ಧಿಗಿದ್ಧಿ ಐತಾ ಇಲ್ವಾ?" ಎಂದು ಬಾಯಿಗೆ ಬಂದಂತೆ ಬೈದೆ. ಅವನು ತಲೆ ಬಗ್ಗಿಸಿಕೊಂಡು ಕೇಳಿಸಿಕೊಂಡ. ಕೊನೆಗೆ, "ಅವ್ವಂಗೆ ಮಾತ್ರ ಯೇಳ್ಬೇಡಿ ಅಕ್ಕ. ಎದೆ ಒಡ್ಕೊಂಡು ಸತ್ತೋಯ್ತಾಳೆ" ಎಂದ.

"ಸಾಕು ನಿಲ್ಸೇ ತ್ರಿವೇಣಿ" ಎಂದರು ಮೇಡಂ. "ಅವರು ಹೇಳಿದ್ದು ಒಳ್ಳೇದಾಯ್ತು. ಯಾವ ತೂತು ಅಂತ ಗೊತ್ತಾದ್ರೆ ಯಾವ ಮುಳ್ಳನ್ನ ನಂಬಬಾರ್ದು ಅಂತ ಗೊತ್ತಾಗುತ್ತೆ." ಅವರ ಕೊರಳ ನರ ಎದ್ದು ಕಾಣುತ್ತಿತ್ತು. ರೇಡಿಯೋ ಗುಂಡಿ ಒತ್ತಿದಾಗ ಮಾತ್ರ ಅದೇ ತಣ್ಣನೆ ದನಿ.

"ಸಹನಾ, ನಿನ್ನ ಮುಂದೆ ಎರಡು ಮುಳ್ಳು ಕೆಟ್ಟವೆ, ಅಷ್ಟೇ. ಎಂಜಿನ್ ಮುಳ್ಳು ಸರಿಯಾಗೈತೆ, ಕಣ್ಣು ಸರಿಯಾಗೈತೆ. ನಾನು ರಟ್ಟು ಅಂಟಿಸಿ ಮುಳ್ಳು ಮುಚ್ಚಿ ಹಾರಿಸಿದ್ದೆ, ಗ್ಯಾಪ್ಕ ಐತಾ?"

"ಐತೆ. ಅವತ್ತು ನೀವು ಪಕ್ಕದಲ್ಲಿದ್ರಿ."

"ಈಗಲೂ ಇದೀನಿ ಅಂದ್ಕೊ. ಸೈನೈಡ್ ದಿಬ್ಬ ಕಾಣ್ತೈತಾ?"

ಗಣಿಯಿಂದ ತೆಗೆದು ಅರೆದು ಚೆಲ್ಲಿದ ಮಣ್ಣಿನ ಬೂದು ಗುಡ್ಡಗಳವು, ಕೆಜಿಎಫ್‌ನ ಯಾವ ಮೂಲೆಯಿಂದ ನೋಡಿದರೂ ಕಾಣುತ್ತವೆ. ಸರಿಯಾದ ಎತ್ತರದಿಂದ ನೋಡಿದರೆ ಆ ದಿಬ್ಬದ ನೆತ್ತಿ ಎಷ್ಟಗಲ ಕಾಣಬೇಕೆಂದು ಮೇಡಂ ಎಲ್ಲ ಮಕ್ಕಳಿಗೂ ಮೇಲೆ ಕರೆದುಕೊಂಡು ಹೋಗಿ ತೋರಿಸಿರುತ್ತಾರೆ.

"ಕಾಣ್ತೈತೆ. ನೆತ್ತಿ ಮೇಲಿನ ಕೊರಕಲೆಲ್ಲ ಕಾಣ್ತೈತೆ."

"ಹಂಗಾದ್ರೆ ಎತ್ತರ ಸರಿಯಾಗೈತೆ. ಮೂಗು ಮಟ್ಟ ಮಾಡು. ರೈಲು ದಾರಿ ಮೇಲೆ ಎಡಕ್ಕೆ ತಿರುಗು."

ಹುಡುಗಿ ಒಂದೊಂದನ್ನೂ ತಿರುಗಿ ಹೇಳುತ್ತ ಮಾಡಿದಳು. ವಿಮಾನ ರೈಲು ದಾರಿ ದಾಟಿತು, ನಮ್ಮೆದುರು ದೂರದಲ್ಲಿ ಉಲ್ಟಾ ದಿಕ್ಕಿಗೆ ಹೋಯಿತು, ಮತ್ತೆರಡು ಸಲ ಎಡಕ್ಕೆ ತಿರುಗಿ ರನ್‌ವೇಗೆ ಮುಖ ಮಾಡಿತು. ಅಬ್ಬ, ಬಂದಳಲ್ಲ ಎಂದುಕೊಂಡೆ. ಆದರೆ ಅವಳ ಕಣ್ಣೆದುರಿನ ಸೊನ್ನೆ ಅವಳನ್ನು ಬಿಟ್ಟಿರಲಿಲ್ಲ. ಬಿದ್ದುಬಿಡುತ್ತೇನೆಂಬ ಹೆದರಿಕೆಗೆ ಮೂಗನ್ನು ಕೆಳಗೇ ಒತ್ತಿಕೊಂಡು ಬರುತ್ತಿದ್ದಳು. ವಿಮಾನ ಇಳಿಯುತ್ತಿರಲಿಲ್ಲ, ನುಗ್ಗುತ್ತಿತ್ತು. ರನ್‌ವೇ ಕೊನೆಯಲ್ಲಿ ಕಲ್ಲುಬಂಡೆ, ಅದರಾಚೆ ಕೆರೆ ಏರಿ.

"ಬೇಡ, ಇಳೀಬೇಡ. ಪೂರ್ತಿ ಎಂಜಿನ್ ಕೊಡು, ಮೇಲಕ್ಕೆ ಓಗು" ಎಂದರು ಮೇಡಂ.

ನನಗೆ ತಡೆಯಲಾಗಲಿಲ್ಲ. "ಇಳೀಲಿ ಬಿಡಿ ಮೇಡಂ! ಕೈಗೆ ಬಂದಿದೆ ಮಗು! ಇನ್ನೊಂದು ಸಲ ಮೇಲೆ ಕಳಿಸ್ತೀರಲ್ಲ, ನಿಮಗೇನು ಕರುಳಿಲ್ವಾ?"

ಅವರು ನನ್ನತ್ತ ತಿರುಗಿಯೂ ನೋಡಲಿಲ್ಲ. "ಏನಂದೆ ನಾನು, ಸಹನಾ?"

ವಿಮಾನ ನಮ್ಮ ತಲೆಯ ಮಟ್ಟಕ್ಕೆ ಬಂದು ರನ್‌ವೇ ಮೇಲೆ ತೇಲಿಕೊಂಡು ಓಡುತ್ತಿತ್ತು. ಅರ್ಧ ರನ್‌ವೇ ಮುಗಿದಿತ್ತು.

"ಸಹನಾ. ಏನಂದೆ ನಾನು?"

"ಎಂಜಿನ್ ಕೊಡು. ಮೇಲಕ್ಕೆ ಓಗು." ಅಳುತ್ತಲೇ ಹೇಳಿದಳು. ಎಂಜಿನ್ ಮೊರೆಯಿತು. ವಿಮಾನ ಬಂಡೆಯ ಮೇಲೆ ಹಾದುಹೋಗಿ ನಿಧಾನವಾಗಿ ಏರಿತು. ಈ ಸಲ ಮೂಗು ಬಾಗಲಿಲ್ಲ.

ನಾಗೇಶ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಅಜ್ಜಿ ಅವನ ಬೆನ್ನು ತಟ್ಟಿ, "ಯಾಕ್ಲಾ ಇಂಗೆ ಕುಂತ್ಕಂಡೆ? ನೋಡ್ಲಾ, ತಿರ್ಗ ಮೇಲಕ್ಕೋದ್ಲು! ಗಂಡು ಗಂಡಾಗವ್ಳೆ ನನ್ ಮೊಮ್ಮಗ್ಳು!" ಎಂದರು. ಅವನು ಮಿಕಮಿಕ ನೋಡಿದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಎರಡನೇ ಸುತ್ತಿನಲ್ಲಿ ಮೇಡಂ ಮಾತು ಕಡಿಮೆ ಮಾಡಿದರು. "ಎಂಜಿನ್ ನಾನು ಯಾವಾಗ್ಲೂ ಯೇಳೋ ಅಷ್ಟಕ್ಕೇ ಇಡು. ಮೂಗು ನಾವು ಯಾವಾಗ್ಲೂ ಇಡೋ ಜಾಗಕ್ಕೇ ಇಡು. ಪೀಪಿ ಊದಿದ್ರೆ ಯೇಳು." ವಿಮಾನ ಮತ್ತೆ ರನ್‌ವೇಗೆ ಮುಖ ಮಾಡಿದಾಗ, "ಈಗ ಕೆಳಗೆ ಬರ್ತಾ ಬರ್ತಾ ಸ್ಪೀಡ್ ಮುಳ್ಳಿಗೆ ಜೀವ ಬರುತ್ತೆ. ಗಾಬರಿ ಆಗ್ಬೇಡ, ಅದನ್ನ ನಂಬಲೂಬೇಡ. ರನ್‌ವೇ ನೋಡ್ಕೊಂಡು ಬಾ" ಎಂದರು. ಈ ಸಲ ಅವಳು ನುಗ್ಗಲಿಲ್ಲ. ಅಂಚಿನ ಹತ್ತಿರ ಗಾಳಿ ಒಂದು ರೆಕ್ಕೆಯನ್ನು ಎತ್ತಿತು. ಮೇಡಂ ರೇಡಿಯೋ ಗುಂಡಿಯಿಂದ ಬೆರಳು ತೆಗೆದರು. ಹುಡುಗಿ ತಾನೇ ಸರಿಮಾಡಿಕೊಂಡಳು. ಚಕ್ರ ನೆಲಕ್ಕೆ ಬಡಿಯಿತು, ವಿಮಾನ ಪುಟಿಯಿತು, ಮತ್ತೆ ಬಡಿಯಿತು, ಓಡಿತು, ಓಡುತ್ತ ಓಡುತ್ತ ಬಂಡೆಗಿಂತ ಬಹಳ ಮೊದಲೇ ನಿಂತಿತು.

ಎಂಜಿನ್ ಆರಿದ ಮೇಲೆ ಮೇಡಂ ರೇಡಿಯೋವನ್ನು ನನ್ನ ಕೈಗೆ ಕೊಟ್ಟು ಶೆಡ್ಡಿನ ಹಿಂದೆ ಹೋದರು. ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸಿತು. ಬಾಯಿ ಒರೆಸಿಕೊಂಡು ಬಂದಾಗ, "ರಿಪೋರ್ಟಿನಲ್ಲಿ ಮೊದಲು ನನ್ನ ಹೆಸರು ಬರಿ. ಸುತ್ತಿ ನೋಡದೆ ಹತ್ತಿಸಿದ್ದು ನಾನು. ವಿಚಾರಣೆ ಮುಗಿಯೋವರೆಗೂ ನಾನು ಯಾರನ್ನೂ ಒಂಟಿಯಾಗಿ ಕಳಿಸೋ ಹಾಗಿಲ್ಲ" ಎಂದರು. ನಾನೇನೋ ಸಮಾಧಾನ ಹೇಳಲು ಹೋದೆ. "ಬಾಯಿ ಮುಚ್ಚು, ಬರಿ" ಎಂದರು.

ಅಷ್ಟರಲ್ಲಿ ಆರುಮುಗಂ ವಿಮಾನವನ್ನು ಶೆಡ್ಡಿನ ಮುಂದಕ್ಕೆ ಎಳೆದು ತಂದಿದ್ದ. ಸಹನ ಕೆಳಗಿಳಿದು ನಿಂತಿದ್ದಳು. ಅಜ್ಜಿ ಅವಳ ಕೆನ್ನೆ ಸವರಿ ಸವರಿ ಲಟಿಕೆ ಮುರಿಯುತ್ತಿದ್ದರು.

"ಒಂದು ಸುತ್ತು ಅಂದ್ರು, ಎರಡು ಸುತ್ತು ಆಕಿದ್ಲು! ಎಲ್ಲಾ ಬೊಟ್ಟಿನ ಮಹಿಮೆ. ಮೂತಿಗೆ, ಚಕ್ರಕ್ಕೆ ಇಟ್ರೆ ಸಾಕೇನಮ್ಮ? ನಾನು ಮಗ್ಗುಲಲ್ಲೂ ಇಟ್ಟು ಬಂದೆ. ಬಿದ್ದೋಗಬಾರ್ದು ಅಂತ ಒತ್ತಿ ಇಟ್ಟಿವ್ನಿ."

ನಾಗೇಶ್ ಮೇಡಂ ಮುಂದೆ ಕೈ ಮುಗಿದ. ಬೇಡ ಎಂದು ಕಣ್ಣಿನಲ್ಲೇ ಬೇಡಿಕೊಂಡ. ನಾನೂ ಮೇಡಂ ಸೆರಗು ಜಗ್ಗಿದೆ. "ಬಿಡಿ ಮೇಡಂ. ಮಗು ಬಂತಲ್ಲ. ಈ ವಯಸ್ಸಲ್ಲಿ ಆ ಮುದುಕಿಗೆ ಯಾಕೆ?"

"ನಾಳೆ ಇನ್ನೊಬ್ಬರ ಮಗು ಹಾರುತ್ತೆ ಕಣೇ" ಎಂದರು ಮೇಡಂ. "ಇವರೇ ಹೋಗಿ ಊರಲ್ಲೆಲ್ಲ ಹೇಳ್ತಾರೆ, ಮಗ್ಗುಲಲ್ಲೂ ಬೊಟ್ಟಿಡಿ ಅಂತ."

ಅಜ್ಜಿಯ ಕೈ ಹಿಡಿದುಕೊಂಡು ವಿಮಾನದ ಹತ್ತಿರ ಕರೆದುಕೊಂಡು ಹೋದರು. "ಅಮ್ಮಾ, ಮೊಮ್ಮಗಳು ಏರೋ ವಿಮಾನ, ನೀವೂ ತಿಳ್ಕೊಬೇಕು" ಎಂದು ಅವರ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳುತ್ತ ಮೂತಿಯಿಂದ ಶುರುಮಾಡಿದರು. ಇದು ಗಾಳಿ ಕಡೆಯುವುದು, ಇದು ರೆಕ್ಕೆ, ಇದು ಪೆಟ್ರೋಲ್ ಹಾಕುವ ಬಾಯಿ. ಅಜ್ಜಿ ಕಿವಿಗೊಟ್ಟು ಕೇಳಿದರು, ಎಲ್ಲವನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಹಸು ಕೊಳ್ಳುವಾಗಲೂ ಹೀಗೇ ನೋಡುತ್ತಾರೇನೋ. ಕೊನೆಗೆ ಎಡಮಗ್ಗುಲಿಗೆ ಬಂದರು. ಅರಿಶಿನದ ಮೇಲೆ ಕುಂಕುಮ, ದುಂಡಗೆ, ಒಣಗಿ ಗಟ್ಟಿಯಾಗಿತ್ತು.

"ಇದರ ಕೆಳಗೆ ಒಂದು ಸಣ್ಣ ತೂತು ಐತೆ ಅಮ್ಮ. ಅದರಲ್ಲಿ ಗಾಳಿ ಒಳಗೆ ಹೋಗ್ಬೇಕು. ಹೋದ್ರೇನೇ ನಾನೆಷ್ಟು ಎತ್ತರದಲ್ಲಿದೀನಿ, ಎಷ್ಟು ಜೋರಾಗಿ ಹೋಗ್ತಿದೀನಿ ಅಂತ ಒಳಗಿರೋರಿಗೆ ಗೊತ್ತಾಗೋದು."

ಅಜ್ಜಿ ಬೊಟ್ಟನ್ನು ನೋಡಿದರು. ಆಮೇಲೆ ತಮ್ಮ ಎಬ್ಬೆಟ್ಟನ್ನು ನೋಡಿಕೊಂಡರು. ಅದರಲ್ಲಿ ಅರಿಶಿನ ಇನ್ನೂ ಇತ್ತು.

"ಅದುಕ್ಕೇನಾ ಮಗು ಎರಡು ಸುತ್ತು ಸುತ್ತಿದ್ದು?"

ಮೇಡಂ ಹೌದು ಎನ್ನಲು ಹೋದರು. ಅಷ್ಟು ಹೊತ್ತು ಒಂದಿಷ್ಟೂ ಅಲುಗಾಡದ ಆ ದನಿ ಅಲ್ಲಿ ಹೊರಡಲೇ ಇಲ್ಲ. ಸಹನ ಬಂದು ಅಜ್ಜಿಯ ಭುಜ ಹಿಡಿದುಕೊಂಡು, "ಊಂ ಅಜ್ಜಿ" ಎಂದಳು.

ಮುದುಕಿ ಅಳಲಿಲ್ಲ, ಎದೆ ಹೊಡೆದುಕೊಳ್ಳಲಿಲ್ಲ. ಮಗನತ್ತ ತಿರುಗಿದರು.

"ನೀನು ಕಂಡ್ಯೇನ್ಲಾ ನಾಗೇಶ?"

"ಕಂಡೆ ಅವ್ವ."

"ಯಾಕ್ಲಾ ಕೂಗ್ಲಿಲ್ಲ?"

ನಾಗೇಶ್ ನೆಲ ನೋಡುತ್ತ, "ನೀನೇ ಯೇಳ್ಕೊಟ್ಟಿದ್ದಲ್ವಾ ಅವ್ವ, ಓಗೋರ್ನ ಕರೀಬಾರ್ದು ಅಂತ" ಎಂದ.

ಮುತ್ಯಾಲಮ್ಮ ಸೆರಗಿನ ತುದಿಗೆ ಉಗುಳು ಹಚ್ಚಿ ಆ ಬೊಟ್ಟನ್ನು ಒರೆಸತೊಡಗಿದರು. ಆರುಮುಗಂ ತಡೆಯಲು ಹೋದ, ಮೇಡಂ ಅವನ ಕೈ ಹಿಡಿದು ನಿಲ್ಲಿಸಿದರು. ಒರೆಸುತ್ತ ಒರೆಸುತ್ತ, ಮಗನ ಕಡೆ ನೋಡದೆಯೇ, ಅಜ್ಜಿ ಹೇಳಿದರು:

"ಇನ್ಮೇಲೆ ಕೂಗ್ಲಾ. ಯಾರೇ ಓಗ್ತಿದ್ರೂ ಕೂಗ್ಲಾ. ನಾನೇ ಓಗ್ತಿದ್ರೂ ಒಂದ್ಸಲ ಕೂಗ್ಬಿಡ್ಲಾ."